ಜಗಳ ಕಲಿಸಿದವಳು

ಹದಿನಾಲ್ಕು ವರ್ಷದ ಹಿಂದೆ ಯಮುನಾ ಕಾಡುಗೋಡಿಯ ನಮ್ಮ ವಠಾರದ ಗೇಟಿಗೆ ಬಂದು ನಿಂತಾಗ, ಬಾಡಿಗೆಗೆ ಬಂದವಳೆಂದುಕೊಂಡು ಅವಳಿಗೆ ಬಾಯಿ ತೆರೆಯಲೂ ಬಿಡದೆ ಒದರಿಬಿಟ್ಟೆ. ನೀರಿಗೆ ತೊಂದರೆಯಿಲ್ಲ, ಹತ್ತು ಗಂಟೆಗೆ ಗೇಟಿಗೆ ಬೀಗ, ನೆಂಟರು ಬಂದರೆ ಎರಡೇ ದಿನ, ಹನ್ನೊಂದು ರೂಮಿಗೆ ಒಂದೇ ಕಕ್ಕಸು, ಹೊಂದಿಕೊಂಡು ಹೋಗಬೇಕು. ಆ ಮಹಾತಾಯಿ ಬಂದದ್ದು ಬಾಡಿಗೆಯವರ ಮಕ್ಕಳಲ್ಲಿ ಯಾರು ಶಾಲೆಗೆ ಹೋಗುತ್ತಿಲ್ಲ ಎಂದು ಬರೆದುಕೊಳ್ಳಲು. ಎಲ್ಲ ಕೇಳಿಸಿಕೊಂಡು, ಸರಿ ಅಮ್ಮ, ರೂಮು ತೋರಿಸಿ ಅಂದಳು. ವಾರದೊಳಗೆ ಕೊನೆಯ ರೂಮಿಗೆ ತನ್ನ ಸಂಸ್ಥೆಯ ಬೋರ್ಡು ಹೊಡೆದಳು.

ಅಲ್ಲಿಂದ ನನ್ನ ತಲೆ ತಿನ್ನುವುದು ಶುರು. ಟೆಕ್ ಪಾರ್ಕುಗಳಲ್ಲಿ ಹೌಸ್‌ಕೀಪಿಂಗ್ ಮಾಡುವ ಹೆಂಗಸರ ಮಕ್ಕಳು ಶಾಲೆ ಬಿಟ್ಟ ಮೇಲೆ ಆ ರೂಮಿನಲ್ಲೇ. ಅವರ ತಾಯಂದಿರ ಪಿಎಫ್ಫು, ರೇಷನ್ ಕಾರ್ಡು, ಗಂಡಂದಿರ ರಗಳೆ, ಎಲ್ಲ ಅಲ್ಲೇ. ನಾನು ಗೊಣಗುತ್ತಲೇ ಹನ್ನೊಂದು ಗಂಟೆಗೆ ಸರಿಯಾಗಿ ಅವಳಿಗೆ ಕಾಫಿ ಇಡುತ್ತಿದ್ದೆ. ನನಗೆ ಹೆಣ್ಣುಮಕ್ಕಳಿಲ್ಲ. ಅವಳನ್ನು ಕಂಡರೆ ನನಗೆ ಪ್ರಾಣ, ಹೇಳಿಕೊಳ್ಳಲು ನಾಚಿಕೆಯೇನು?

ಈ ವರ್ಷ ಇಂಥ ಸಂಸ್ಥೆಗಳೆಲ್ಲ ಸೇರಿ ಕಟ್ಟಿದ ಒಕ್ಕೂಟಕ್ಕೆ ಅವಳನ್ನೇ ಮುಖ್ಯಸ್ಥೆ ಮಾಡಿದರು. ಆಫೀಸು ಸಿಟಿಯೊಳಗೆ. ನೋಡಿಕೊಳ್ಳುವವರಿಲ್ಲದಿದ್ದರೆ ಕಾಡುಗೋಡಿಯ ರೂಮನ್ನು ಮುಚ್ಚಿಬಿಡಿ ಎಂದು ಅವಳ ಕಮಿಟಿಯವರು ಹೇಳಿದರಂತೆ. ಎಂಟನೇ ರೂಮಿನ ಭದ್ರಮ್ಮ ನಡೆಸುತ್ತಾಳೆ, ಅವಳ ಹೆಸರಿಗೆ ಅಗ್ರಿಮೆಂಟು ಮಾಡಿಕೊಡಿ ಎಂದು ಯಮುನಾ ನನ್ನನ್ನು ಕೇಳಿದಳು. ಸೋಮವಾರದೊಳಗೆ ಕಾಗದ ಕೊಡದಿದ್ದರೆ ರೂಮು ಮುಚ್ಚಿದ ಹಾಗೇ. ಯಾರ ಹೆಸರಾದರೂ ಹೇಳು, ಅವಳದ್ದೊಂದು ಬೇಡ ಅಂದೆ.

ಯಾಕೆ ಅಂತೀರಾ? ಆರು ವರ್ಷದ ಹಿಂದೆ ನನ್ನ ಮಗ ನಂದೀಶನ ಸಂಬಂಧಕ್ಕೆ ಬೀಗರು ಬಂದು ಉಪ್ಪಿಟ್ಟಿಗೆ ಕೈ ಹಾಕಿದ್ದಾರೆ, ಈ ಪಾವಗಡದ ಭದ್ರಮ್ಮ ಒಂಬತ್ತು ಜನ ಹೆಂಗಸರನ್ನು ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದಳು. ನಿಮ್ಮ ಮನೆಯ ನಾಲ್ಕು ಜನಕ್ಕೆ ಮೂರು ಕಕ್ಕಸು, ನಮ್ಮ ನಲವತ್ತು ಜನಕ್ಕೆ ಒಂದು, ಇದು ನ್ಯಾಯವಾ ಅಮ್ಮ ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದಳು. ಮಾನ ಹೋಯಿತು. ಆ ಅವಮಾನಕ್ಕೇ ತಿಂಗಳೊಳಗೆ ಇನ್ನೆರಡು ಕಕ್ಕಸು ಕಟ್ಟಿಸಿದೆ. ಮದುವೆಯೇನೋ ನಡೆಯಿತು, ಆದರೆ ಅವಳ ಜೊತೆ ಮಾತು ಬಿಟ್ಟೆ. ಆವತ್ತು ಯಮುನಾ ನಮ್ಮ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು.

ಶನಿವಾರ ಬೆಳಿಗ್ಗೆ ಯಮುನಾ ಮತ್ತೆ ಬಂದಳು. ನಾನೂ ಸ್ವಲ್ಪ ಇಳಿದು, ಭದ್ರಮ್ಮ ಬಂದು ತಪ್ಪಾಯಿತು ಅಂದರೆ ಸೈನು ಹಾಕುತ್ತೇನೆ ಅಂದೆ.

ಯಮುನಾ ಕಾಫಿ ಲೋಟ ಕೆಳಗಿಟ್ಟಳು. "ಅವಳು ತಪ್ಪಾಯ್ತು ಅನ್ನಬಾರದು ಅಮ್ಮ. ಆ ಮಾತು ಕಲಿಸಿದ್ದು ನಾನು. ಹಿಂದಿನ ದಿನ ಕೂರಿಸ್ಕೊಂಡು ಹತ್ತು ಸಲ ಹೇಳಿಸಿದ್ದೀನಿ. ಬೀಗರು ಬರೋದು ಮಾತ್ರ ಆಗ ನಂಗೆ ಗೊತ್ತಿರಲಿಲ್ಲ."

ಆರು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ನಿಮ್ಮ ಪ್ರೀತಿ ಹೋಗಿಬಿಡುತ್ತೆ ಅಂತ ಹೆದರಿದ್ದೆ ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಅಡುಗೆಮನೆಯಲ್ಲಿ ನಿಂತುಕೊಂಡು ನನ್ನ ಬಾಗಿಲಿಗೇ ಜನ ಕಳಿಸಿದವಳು! ಈಗಿಂದೀಗಲೇ ಖಾಲಿ ಮಾಡು ಅಂದುಬಿಟ್ಟೆ. ಅವಳು ಹೋಗಿ ಫೈಲುಗಳನ್ನು ಹಗ್ಗದಲ್ಲಿ ಕಟ್ಟತೊಡಗಿದಳು. ನಾನು ಜಗುಲಿಯ ಮೇಲೆ ಕೂತು ಕಣ್ಣೊರೆಸಿಕೊಂಡೆ.

ಅಷ್ಟರಲ್ಲಿ ಭದ್ರಮ್ಮ ಬಂದಳು. ಡ್ಯೂಟಿಗೆ ಹೊರಟ ಯೂನಿಫಾರ್ಮು, ಕೊರಳಲ್ಲಿ ಐಡಿ ಕಾರ್ಡು. ತಪ್ಪೊಪ್ಪಿಕೊಳ್ಳಲು ಬಂದಳೆಂದು ನಾನು ಮುಖ ಗಂಟಿಕ್ಕಿಕೊಂಡೆ.

"ಅಕ್ಕ ಹೇಳಿದ್ದು ಕೇಳಿಸ್ತು, ಸುಳ್ಳು ಹೇಳ್ತಾವ್ರೆ ಅಮ್ಮ. 'ಬೈಬ್ಯಾಡ್ರಿ, ಅಮ್ಮ ಅಂತ ಕರೀರಿ' ಅಂತ ಅವರು ಕಲಿಸಿದ್ದು ಅಷ್ಟೇಯ. ಮಿಕ್ಕಿದ್ದೆಲ್ಲ ನಂದೇ. ತಪ್ಪು ಅಂತ ನಾನು ಒಪ್ಪಾಕಿಲ್ಲ." ಒಂದು ಉಸಿರು ಎಳೆದುಕೊಂಡಳು. "ಬಂದಿದ್ದು ಬ್ಯಾರೆ ವಿಷ್ಯಕ್ಕೆ. ಎರಡನೇ ಕಕ್ಕಸಿನ ಪೈಪು ಒಡೆದು ಎಂಟು ದಿನ ಆತು. ರೂಮು ಕೊಡ್ರಿ, ಬಿಡ್ರಿ, ಅದನ್ನ ಮಾಡಿಸಿಕೊಡ್ರಿ."

ಆಚೆ ಕೊನೆಯ ರೂಮಿನ ಬಾಗಿಲಲ್ಲಿ ಯಮುನಾ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದಳು. ಮುಂದೆ ಬರಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಭದ್ರಮ್ಮನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಹದಿನಾಲ್ಕು ವರ್ಷ ನನ್ನ ಕಾಫಿ ಕುಡಿದು ಅವಳು ಮಾಡಿದ ಕೆಲಸ ನನ್ನೆದುರಿಗೇ ಯೂನಿಫಾರ್ಮು ಹಾಕಿಕೊಂಡು ನಿಂತು, ಪೈಪು ಮಾಡಿಸಿ ಅನ್ನುತ್ತಿತ್ತು.

ನನಗೆ ನಗು ಬಂತು. ಹಾಳಾದ್ದು, ಅದರ ಹಿಂದೆಯೇ ಅಳುವೂ ಬಂತು. ನಂದೀಶನನ್ನು ಕೂಗಿ, ಅಗ್ರಿಮೆಂಟನ್ನು ಭದ್ರಮ್ಮನ ಹೆಸರಿಗೆ ಬರೆಸು, ಹಾಗೇ ಪ್ಲಂಬರ್‌ಗೂ ಒಂದು ಫೋನು ಮಾಡು ಅಂದೆ. ಅವನು ಇವತ್ತೇ ಬರಬೇಕು ಎಂದು ಭದ್ರಮ್ಮ ಸೇರಿಸಿ, ಡ್ಯೂಟಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಳು.

ಯಮುನಾ ಬಂದು ನನ್ನ ಪಕ್ಕದಲ್ಲಿ ಕೂತಳು. ಕೈಯಲ್ಲಿದ್ದ ಹಗ್ಗವನ್ನು ಸುತ್ತಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು, "ಕೋಪ ಇನ್ನೂ ಇದೆಯಾ ಅಮ್ಮ?"

"ಸಾಯೋ ತನಕ ಇರ್ತದೆ" ಅಂದೆ. "ವಾರಕ್ಕೊಂದು ಸಲ ಬಂದು ಬೈಸ್ಕೊಂಡು ಹೋಗು."