ಹೇಳಿದ ದಿನಕ್ಕೆ ಹೋಗದವಳು

ಏಳು ವರ್ಷದ ಕವನಾಳಿಗೆ ಕೊಡುತ್ತಿದ್ದ ನೋವಿನ ಔಷಧಿಯನ್ನು ಸೋಮವಾರ ನಿಲ್ಲಿಸಿದರು. ಕಂಪ್ಯೂಟರ್ ಹೇಳಿದ್ದ ತೊಂಬತ್ತು ದಿನ ಮುಗಿದಿತ್ತು; ಔಷಧಿಯೂ ಅಷ್ಟಕ್ಕೇ ಮಂಜೂರಾಗಿತ್ತು. ಅವಳು ಇನ್ನೂ ಬದುಕಿದ್ದಳು.

ಗುಣವಾಗದ ಕಾಯಿಲೆಯ ಮಕ್ಕಳನ್ನು ಮನೆಗೇ ಹೋಗಿ ನೋಡಿಕೊಳ್ಳುವ ಟ್ರಸ್ಟೊಂದರಲ್ಲಿ ಕುಮುದಾ ನರ್ಸು. ಮಗುವಿನ ತೂಕ, ನಾಡಿ, ಊಟ ಎಲ್ಲವನ್ನೂ ಟ್ಯಾಬಿಗೆ ತುಂಬಿದರೆ ಇನ್ನೆಷ್ಟು ದಿನ ಬದುಕುತ್ತದೆ ಎಂದು ಅದೇ ಹೇಳುತ್ತಿತ್ತು. ಹೆತ್ತವರು ಮನಸ್ಸು ಗಟ್ಟಿ ಮಾಡಿಕೊಳ್ಳಲಿ ಎಂದು ಶುರುವಾದದ್ದು ಅದು. ಆಮೇಲೆ ಭವಿಷ್ಯ ತಪ್ಪದ ತಾಲ್ಲೂಕಿಗೆ ಫಲಕ ಕೊಡುವ ಪದ್ಧತಿ ಬಂತು. ಸಾಗರದ ಮಕ್ಕಳು, ತೀರ್ಥಹಳ್ಳಿಯ ಮಕ್ಕಳು ಬಲು ಶಿಸ್ತು. ಹೇಳಿದ ವಾರದಲ್ಲೇ ಹೋದರು. ಕುಮುದಾಳ ತಾಲ್ಲೂಕು ಹೊಸನಗರದ ಮಾನ ಕಳೆದವಳು ಮಾಸ್ತಿಕಟ್ಟೆಯ ಈ ಹುಡುಗಿ ಒಬ್ಬಳೇ.

ಗುರುವಾರ ಬೆಳಿಗ್ಗೆ ಟ್ರಸ್ಟಿನ ಸಂಯೋಜಕ ದೀಪಕ್ ತಾನೇ ಕುಮುದಾಳ ಜೊತೆ ಜೀಪಿನಲ್ಲಿ ಕವನಾಳ ಮನೆಗೆ ಬಂದ. ಕೈಯಲ್ಲಿ ಶಾಲು, ಹಾರ, ಹಣ್ಣಿನ ತಟ್ಟೆ.

"ಎಂತಕ್ಕೆ ಸರ್ ಇದೆಲ್ಲ?" ಕುಮುದಾ ಕೇಳಿದಳು.

"ಸನ್ಮಾನ ಮೇಡಂ. ಕೇಸು ಮುಚ್ಚೋಕೆ ಟ್ಯಾಬಲ್ಲಿ ಎರಡೇ ಇರೋದು. ಮರಣ, ಇಲ್ಲಾ ಗುಣಮುಖ. ಮರಣ ಅಂತೂ ಆಗ್ಲಿಲ್ಲ. ಗುಣ ಆದೋರು ಫಲಕದ ಲೆಕ್ಕಕ್ಕೂ ಬರಲ್ಲ. ಶಾಲು ಹೊದಿಸಿ ಒಂದು ಫೋಟೋ ತೆಗೆದ್ರೆ ಆಯ್ತು."

ಗುಣಮುಖಳಾದವಳು ಚಾಪೆಯ ಮೇಲೆ ಮೊಣಕಾಲಿನ ಗಡ್ಡೆ ಹಿಡಿದು ನರಳುತ್ತಿದ್ದಳು. ದೀಪಕ್ ಬಗ್ಗಿ ಶಾಲು ಹೊದಿಸಿದ. ಅದರ ಅಂಚು ತಾಗಿದ್ದಕ್ಕೇ ಮಗು ಚೀರಿತು.

ತಾಯಿ ಮಾಸ್ತಮ್ಮ ಶಾಲನ್ನು ಕಿತ್ತು ಹಣ್ಣಿನ ಮೇಲೆ ಎಸೆದಳು. "ನಿಮ್ ಹಾರ ನೀವೇ ಹಾಕ್ಕೊಳ್ಳಿ ಸ್ವಾಮಿ. ಕೂಸಿಗೆ ಆ ನೋವಿನ ಸಿರಪ್ ಕೊಡಿ. ಮೂರ್ ದಿನ ಆತು, ಕಣ್ ಮುಚ್ಚಿಲ್ಲ ಅದು."

"ಅಲ್ಲಮ್ಮಾ, ಗುಣ ಆದ ಮಗೂಗೆ ಮಾರ್ಫಿನ್ ಕೊಟ್ರೆ ನಮ್ಮನ್ನ ಜೈಲಿಗೆ ಹಾಕ್ತಾರೆ!" ದೀಪಕ್ ನಿಜಕ್ಕೂ ಹೆದರಿದ್ದ.

"ಗುಣ ಆಗಿದ್ಯಾ? ಹಂಗಾರೆ ಎಬ್ಸಿ ನಡೆಸ್ಕಂಡ್ ಹೋಗಿ, ನೋಡನ!"

ದೀಪಕ್ ಟ್ಯಾಬನ್ನು ಕುಮುದಾಳ ಮುಂದೆ ಹಿಡಿದ. "ಗುಣಮುಖ ಅನ್ನೋದಕ್ಕೆ ನರ್ಸ್ ಹೆಬ್ಬೆಟ್ಟು ಬೇಕು. ಒತ್ತಿ ಮೇಡಂ. ಮಧ್ಯಾಹ್ನದೊಳಗೆ ಫಲಕದ ಪಟ್ಟಿ ಹೋಗ್ಬೇಕು."

ಒತ್ತಿದರೆ ಕವನಾ ಕಾಯಿಲೆಯವರ ಪಟ್ಟಿಯಿಂದಲೇ ಹೊರಗೆ. ಔಷಧಿ ಕೇಳಲು ದಾರಿಯೂ ಇರದು. ಕೇಸು ತೆರೆದಿದ್ದರೆ ಇವತ್ತೇ ಟ್ರಸ್ಟಿನ ದೊಡ್ಡ ಡಾಕ್ಟರ ಮೇಜು ಗುದ್ದಿ ಬಾಟಲಿ ತರಬಹುದು. ಕಳೆದ ಮೂರು ವರ್ಷದಲ್ಲಿ ಒತ್ತಿ ಎಂದಾಗಲೆಲ್ಲ ಕುಮುದಾ ಒತ್ತಿದವಳೇ.

"ಕೆಲ್ಸ ಬೇಕೋ ಬೇಡ್ವೋ ನಿಮ್ಗೆ?"

ಕುಮುದಾ ಮಗುವಿನ ಕಾಲನ್ನು ಮೆಲ್ಲಗೆ ಎತ್ತಿ ದಿಂಬಿನ ಮೇಲಿಟ್ಟಳು.

"ಬೇಕು ಸರ್," ಎಂದಳು. "ಆದ್ರೆ ಒತ್ತಲ್ಲ."