ಜೋಡಿ ಕೀಬೋರ್ಡು

ಬೆಳಿಗ್ಗೆ ಕ್ಯಾಂಪ್ ಬಡಾವಣೆಯ ಆಫೀಸಿನಿಂದ ಮೇಡಂ ಫೋನು ಬಂದಾಗಿನಿಂದ ಮಾಧುರಿಯ ಮೈ ಉರಿಯುತ್ತಿತ್ತು. ನಾಳೆಯಿಂದ ನಿಮಗೆ ಕೆಲಸ ಕಳಿಸುವುದಿಲ್ಲ ಎಂದಿದ್ದರು ಮೇಡಂ. ಎಲ್ಲೋ ದೂರದೇಶದ ಡಾಕ್ಟರುಗಳು ರೋಗಿಯ ಬಗ್ಗೆ ಮಾತಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸ ಅದು. ಮಾಧುರಿ ಕಳಿಸಿದ ವರದಿಯೊಂದರಲ್ಲಿ ಗುಳಿಗೆಯ ಹೆಸರಿನ ಹೊಟ್ಟೆಯೊಳಗೆ ಬೇರೆ ಅಕ್ಷರಗಳು ಹೊಕ್ಕಿದ್ದವು. ಹಿಂದಿನ ಸಲ ವರದಿ ಹೊತ್ತಿಗೆ ತಲುಪಿರಲೇ ಇಲ್ಲ, ನೆಟ್ ಹೋಗಿತ್ತು. ಅವಳು ಬೇಡಿಕೊಂಡಳು, ಕೀಬೋರ್ಡು ತಾನಾಗಿಯೇ ಬರೆಯುತ್ತದೆ ಎಂದಳು. ಮೇಡಂ ನಕ್ಕುಬಿಟ್ಟರು. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ನಗುವುದು ಮನೆಯಲ್ಲೂ ನಡೆದೇ ಇತ್ತು. ಗಂಡ ಶಿವಪ್ರಕಾಶ ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಂಗಡಿಯಿಂದ ಬಂದು, ಕಾಲು ತೊಳೆದು, ಚಹಾ ಕುಡಿಯುತ್ತ, "ಬರೂದಿಲ್ಲಂದ್ರ ಬಿಟ್ಟಬಿಡು. ಯಾರರೆ ನಿನಗ ಗಂಟಬಿದ್ದಾರೇನು?" ಎನ್ನುತ್ತಿದ್ದ. ಟೈಪಿಂಗ್ ಪರೀಕ್ಷೆಯಲ್ಲಿ ವಿಜಾಪುರಕ್ಕೇ ಮೊದಲು ಬಂದವಳಿಗೆ ಹೇಳುವ ಮಾತು ಇದು.

ಮಾಡಿ ನೋಡದ ಉಪಾಯವಿರಲಿಲ್ಲ. ಕೀಬೋರ್ಡಿನ ಸೆಲ್ ಬದಲಿಸಿದ್ದಾಯಿತು. ನೆಟ್ಟಿನ ಡಬ್ಬಿಯನ್ನು ಕಪಾಟಿನಿಂದ ಫ್ರಿಜ್ಜಿನ ಮೇಲಕ್ಕೆ, ಫ್ರಿಜ್ಜಿನಿಂದ ಕಿಟಕಿಗೆ ಸಾಗಿಸಿದ್ದಾಯಿತು. ಸಾತಾರಾ ರಸ್ತೆಯ ಕಂಪ್ಯೂಟರ್ ಅಂಗಡಿಯ ಬಾಳು ಬಂದು, ಅವಳ ಕೈಯ ಅವಲಕ್ಕಿ ತಿಂದು, ವಿಂಡೋಸನ್ನು ಅಳಿಸಿ ಮತ್ತೆ ಹಾಕಿಹೋದ. ಅತ್ತೆ ಭೀಮವ್ವ ಉಪ್ಪು, ಮೆಣಸಿನಕಾಯಿ ತಂದು ಕಂಪ್ಯೂಟರಿಗೆ ದೃಷ್ಟಿ ತೆಗೆದಳು. ಮೆಣಸಿನಕಾಯಿಗೆ ಆ ಮನೆಯಲ್ಲಿ ಬರವಿರಲಿಲ್ಲ. ಘಾಟಿಗೆ ಎಲ್ಲರೂ ಕೆಮ್ಮಿದರು, ಅಕ್ಷರ ಮಾತ್ರ ನಿಲ್ಲಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಮಾಧುರಿ ಕೊನೆಯ ವರದಿಯ ಮುಂದೆ ಕುಳಿತು ಒಂದೆರಡು ವಾಕ್ಯ ಹೊಡೆದಳು. ನೆಟ್ ಹೋಯಿತು. ಡಬ್ಬಿಯ ದೀಪ ಮಾತ್ರ ಕಣ್ಣು ಮಿಟುಕಿಸುತ್ತ ಇತ್ತು. ಸ್ವಲ್ಪ ಹೊತ್ತಿಗೆ ಅಕ್ಷರ ಬೀಳತೊಡಗಿದವು. ದಿನವೂ ಅವಳು ಹಲ್ಲು ಕಚ್ಚಿ ಅಳಿಸುತ್ತಿದ್ದಳು, ಅಳಿಸಿದಲ್ಲೇ ಮತ್ತೆ ಬೀಳುತ್ತಿದ್ದವು. ಇವತ್ತು ಕೈಯೆತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಹೋಗುವುದು ಹೋಗಿಯೇ ಆಯಿತು, ಏನು ಬರೆಯುತ್ತೀ ಬರೆ ಎಂದು ನೋಡುತ್ತ ಕುಳಿತಳು.

ಎ, ಎಸ್, ಡಿ, ಎಫ್, ಜಿ, ಎಫ್. ಒಂದು ಸಾಲು ಪೂರ್ತಿ. ಮತ್ತೊಂದು ಸಾಲು. ನಡುವೆ ಒಂದು ತಪ್ಪು, ತಡವರಿಕೆ, ಮತ್ತೆ ಮೊದಲಿನಿಂದ. ಮಾಧುರಿ ಎದ್ದು ನಿಂತಳು. ಇದು ವೈರಸ್ಸೂ ಅಲ್ಲ, ದೆವ್ವವೂ ಅಲ್ಲ. ಟೈಪಿಂಗ್ ಕ್ಲಾಸಿಗೆ ಹೋದ ಯಾರೇ ಆದರೂ ಮೊದಲ ದಿನ ಹೊಡೆಯುವ ಪಾಠ. ಹೊಡೆಯುತ್ತಿರುವವರ ಎಡಗೈ ಕಿರುಬೆರಳು ಸೋಲುತ್ತಿದೆ ಎನ್ನುವುದೂ ಅವಳಿಗೆ ಗೊತ್ತಾಯಿತು. ಅವಳ ಕಣ್ಣು ಎದುರಿನ ಗೋಡೆಗೆ ಹೋಯಿತು. ಗೋಡೆಯ ಆಚೆ ಮೈದುನ ಮಾಂತುವಿನ ಮನೆ.

ಇಲ್ಲಿ ಭೀಮವ್ವನ ಕಾನೂನಿನ ವಿಷಯ ಹೇಳಲೇಬೇಕು. ಬಿಬ್ವೆವಾಡಿಯಲ್ಲಿ ಇಬ್ಬರು ಮಕ್ಕಳಿಗೂ ಗೋಡೆಗೆ ಗೋಡೆ ಅಂಟಿದ ಎರಡು ಫ್ಲ್ಯಾಟು ಕೊಡಿಸಿದ ದಿನವೇ ಮುದುಕಿ ಹೇಳಿಬಿಟ್ಟಿದ್ದಳು: ಒಂದು ಮನೆಗೆ ಬಂದದ್ದು ಇನ್ನೊಂದಕ್ಕೂ ಬರಬೇಕು, ಅದೇ ಕಂಪನಿ, ಅದೇ ಬಣ್ಣ. ಸೊಸೆಯಂದಿರು ಜಗಳಾಡಬಾರದು. ಹೀಗೆ ಕುಕ್ಕರು ಜೋಡಿ, ಮಿಕ್ಸರು ಜೋಡಿ, ಪಂಚಮಿಯ ಸೀರೆ ಜೋಡಿ. ತನ್ನನ್ನೂ ಅವಳು ಬಿಟ್ಟಿರಲಿಲ್ಲ. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಕಿರಿಯನ ಮನೆಯಲ್ಲಿ, ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ಹಿರಿಯನ ಮನೆಯಲ್ಲಿ ಇರುತ್ತಿದ್ದಳು. ಮಾಧುರಿಯ ಕೆಲಸಕ್ಕೆಂದು ಕಂಪ್ಯೂಟರು, ವೈರಿಲ್ಲದ ಕೀಬೋರ್ಡು, ನೆಟ್ಟಿನ ಡಬ್ಬಿ ಬಂದಾಗ ಮಾಂತುವಿನ ಮನೆಗೂ ಅವೇ ಬಂದವು. ಅಲ್ಲಿ ಯಾರಿಗೂ ಬೇಕಿರಲಿಲ್ಲ. ಮಾಂತು ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಮೇಲೆ ಬಸವಣ್ಣನ ಫೋಟೋ ಇಟ್ಟು, ಯಾರೂ ಮುಟ್ಟಬಾರದೆಂದು ಹೆಂಡತಿಗೆ ತಾಕೀತು ಮಾಡಿದ್ದ.

ಮಾಧುರಿ ಬಾಗಿಲು ಬಡಿಯದೆ ಒಳಗೆ ನುಗ್ಗಿದಳು. ಬಸವಣ್ಣ ನೆಲದ ಮೇಲೆ ಇದ್ದ. ನೆಗೆಣ್ಣಿ ಶೀತಲ್ ಕೀಬೋರ್ಡಿನಿಂದ ಕೈ ತೆಗೆದು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. ಒಳಕೋಣೆಯಲ್ಲಿ ಭೀಮವ್ವನ ಗೊರಕೆ ಕೇಳುತ್ತಿತ್ತು.

"ಅಕ್ಕಾರ, ಸಾವಕಾಶ ಮಾತಾಡ್ರಿ," ಎಂದಳು ಶೀತಲ್. "ಅತ್ತಿ ಮಲಗ್ಯಾರ."

"ಎಷ್ಟ ದಿನ ಆತು ಇದು?"

"ಕಲಿಯಾಕತ್ತೀನ್ರಿ. ತವರುಮನಿ ಇಂದಾಪುರದಾಗಿದ್ದಾಗ ಅಪ್ಪ ಕ್ಲಾಸಿಗೆ ಕಳಸಲಿಲ್ಲ, ಇಲ್ಲಿ ಇವರು ಬ್ಯಾಡಂತಾರ. ನಿಮ್ಮಂಗ ನಾನೂ ಏನರೆ ಮಾಡ್ಬೇಕಂತ." ಅವಳ ಕಣ್ಣು ತುಂಬಿತ್ತು. "ನಡಬರಕ ತಾನ ಏನೇನೋ ಇಂಗ್ಲಿಷ್ ಬರ್ತದ್ರಿ ಇದರಾಗ. ಕಿಡ್ನಿ, ಲಿವರ್ ಅಂತ. ಕೆಟ್ಟೈತಿ ಅಂತ ಯಾರಿಗರೆ ಹೇಳಿದ್ರ ನಾ ಮುಟ್ಟೀನಿ ಅಂತ ಗೊತ್ತಾಗ್ತದಲ್ಲ, ಅದಕ್ಕ ಸುಮ್ಮಿದ್ದೆ."

ಮಾಧುರಿ ಅವಳ ಪರದೆಯತ್ತ ನೋಡಿದಳು. ತಾನು ಆಗಷ್ಟೇ ಹೊಡೆದಿದ್ದ ವಾಕ್ಯದ ತುಣುಕು ಅಲ್ಲಿ ಕುಳಿತಿತ್ತು. ಎರಡೂ ಕೀಬೋರ್ಡು ಒಂದೇ ಜಾತಿಯವು, ಒಂದೇ ದನಿಯಲ್ಲಿ ಕೂಗುತ್ತಿದ್ದವು. ಗೋಡೆಯ ಎರಡೂ ಬದಿಗೆ ಕುಳಿತ ಕಂಪ್ಯೂಟರುಗಳು ಯಾರು ಕೂಗಿದರೂ ಓಗೊಡುತ್ತಿದ್ದವು. ಮೂಲೆಯಲ್ಲಿ ನೆಟ್ಟಿನ ಡಬ್ಬಿ ಆರಿತ್ತು. ದೀಪ ಕಣ್ಣಿಗೆ ಹೊಡೆಯುತ್ತದೆಂದು ಅತ್ತೆ ಮಲಗುವ ಮುಂಚೆ ಸ್ವಿಚ್ಚು ಆರಿಸುತ್ತಾರೆ ಎಂದಳು ಶೀತಲ್. ಮಾಧುರಿ ತನ್ನ ಮನೆಯಲ್ಲಿ ಡಬ್ಬಿಯ ಮೇಲೆ ಕರವಸ್ತ್ರ ಹೊದಿಸಿ ಅತ್ತೆಯನ್ನು ಸಂಭಾಳಿಸುತ್ತಿದ್ದಳು. ಎರಡೂ ಡಬ್ಬಿಗೆ ಬಾಳು ಒಂದೇ ಹೆಸರು, ಒಂದೇ ಪಾಸ್‌ವರ್ಡು ಇಟ್ಟುಹೋಗಿದ್ದ. ತನ್ನ ಕಂಪ್ಯೂಟರು ಇಷ್ಟು ದಿನ ತನ್ನ ಮನೆಯದನ್ನು ಬಿಟ್ಟು ಪಕ್ಕದ ಮನೆಯ ನೆಟ್ಟಿಗೆ ಜೋತುಬಿದ್ದಿತ್ತು, ಅದು ಆರಿದಾಗ ತನ್ನದೂ ಹೋಗುತ್ತಿತ್ತು ಎನ್ನುವುದು ಅವಳಿಗೆ ಹೊಳೆಯಿತು. ಶೀತಲ್ ಮೇಲೆ ಸಿಟ್ಟು ಮಾಡಬೇಕೆಂದು ಬಂದವಳಿಗೆ ಆ ಸೋಲುವ ಕಿರುಬೆರಳು ನೋಡಿ ಮಾಡಲಾಗಲಿಲ್ಲ. ಸಿಟ್ಟು ಎಲ್ಲಿ ಹಾಕಬೇಕೆಂದು ತಿಳಿಯದೆ ಅವಳು ನೇರ ಬಾಳುವಿನ ಅಂಗಡಿಗೆ ನಡೆದಳು.

ಬಾಳು ಮರಾಠಿಯಲ್ಲಿ, ಒಂದಿಷ್ಟೂ ಕಸಿವಿಸಿಯಿಲ್ಲದೆ ಹೇಳಿದ. "ಅದನ್ನ ನಾನು ಮೊದಲ ಸಲ ಬಂದಾಗಲೇ ಸಾಹೇಬರಿಗೆ ಹೇಳಿದ್ದೆನಲ್ಲ ವಹಿನಿ. ಎರಡರಲ್ಲಿ ಒಂದು ತೆಗೆದು ವೈರಿನದು ಹಾಕಿ, ಡಬ್ಬಿಯ ಹೆಸರೂ ಬದಲಿಸೋಣ ಅಂದೆ. ಈಗ ಬೇಡ ಅಂದರು."

"ಹಾಗಾದರೆ ವಿಂಡೋಸ್ ಯಾಕೆ ಅಳಿಸಿದೆ?"

"ಸುಮ್ಮನೆ ಏನಾದರೂ ಮಾಡಿದ ಹಾಗೆ ಮಾಡು ಅಂದರು ಸಾಹೇಬರು."

ಗಂಡನಿಗೆ ಗೊತ್ತಿತ್ತು. ಗೊತ್ತಿದ್ದೂ ಚಹಾ ಕುಡಿಯುತ್ತ ಅವಳಿಗೆ ಟೈಪು ಬರುವುದಿಲ್ಲ ಎಂದಿದ್ದ. ತನಗೇ ತನ್ನ ಬೆರಳುಗಳ ಮೇಲೆ ಅನುಮಾನ ಬಂದು ಅವಳು ಅತ್ತದ್ದನ್ನೂ ನೋಡಿದ್ದ. ಅವಳು ವೈರಿನ ಕೀಬೋರ್ಡು ಕೊಂಡಳು, ಒಂದೇ ಒಂದು.

ಸಂಜೆ ಅಣ್ಣತಮ್ಮಂದಿರು ಮನೆಗೆ ಬರುವಷ್ಟರಲ್ಲಿ ಹೊಸ ಕೀಬೋರ್ಡು ಬಂದ ಸುದ್ದಿ ತಿಳಿದು ಭೀಮವ್ವ ಹಿರಿಯನ ಮನೆಗೆ ಬಂದು ಕುಳಿತಿದ್ದಳು. ಅವಳ ಹಿಂದೆ ಶೀತಲ್ ನಿಂತಿದ್ದಳು. ಮುದುಕಿ ಕೀಬೋರ್ಡಿನ ವೈರು ಹಿಡಿದೆತ್ತಿ ನೋಡಿದಳು.

"ಇದಕ್ಕ ಬಾಲ ಬಂದದಲ್ಲ. ಶೀತಲ್‌ದು ಎಲ್ಲೆದ?"

"ಒಂದ ತಂದೀನ್ರಿ ಅತ್ತಿ."

"ಒಂದ? ಯಾಕ?"

"ಜೋಡಿ ತಂದಿದ್ದಕ್ಕ ನನ್ನ ಕೆಲಸ ಹೋತು, ಅದಕ್ಕ." ಮಾಧುರಿ ಗಂಡನತ್ತ ತಿರುಗಿದಳು. "ಬಾಳು ಎಲ್ಲಾ ಹೇಳಿದ. ನಿಮಗ ಮೊದಲ ಗೊತ್ತಿತ್ತು."

ಶಿವಪ್ರಕಾಶ ಚಪ್ಪಲಿ ಬಿಡುತ್ತಿದ್ದವನು ಅಲ್ಲೇ ನಿಂತ. "ನೋಡು, ಒಂದು ತಗದ್ರ ಇನ್ನೊಂದೂ ತಗೀಬೇಕಾಗ್ತದ. ಅವ್ವ ಮನಸಿಗೆ ಹಚಗೋತಾಳ. ಸಣ್ಣ ಮಾತಿಗೆ ಮನ್ಯಾಗ ಯಾಕ ರಾಮಾಯಣ ಅಂತ..."

"ಅವ್ವಗ ಹೇಳಾಕ ಅಂಜಿ ನನ್ನ ಹೆಡ್ಡಿ ಮಾಡಿದ್ರಿ," ಎಂದಳು ಮಾಧುರಿ. ದನಿ ಏರಿಸಲಿಲ್ಲ. "ಮೇಡಂ ನಕ್ರು. ನೀವೂ ನಕ್ರಿ. ನನಗ ಟೈಪ್ ಬರ್ತದಂತ ಗೊತ್ತಿದ್ದವ್ರು ನೀವೊಬ್ರ ಇದ್ರಿ."

ಮಾಂತು ಗಂಟಲು ಸರಿಮಾಡಿಕೊಂಡ. "ಅಲ್ಲ ವೈನಿ, ನಮ್ಮ ಕಂಪ್ಯೂಟರ್ ಯಾರೂ ಮುಟ್ಟೂದಿಲ್ಲ. ಅದರಿಂದ ಹ್ಯಾಂಗ..."

ಶೀತಲ್‌ಳನ್ನು ಒಪ್ಪಿಸಿಕೊಟ್ಟು ತಾನು ಗೆಲ್ಲುವುದು ಮಾಧುರಿಗೆ ಬೇಡವಾಗಿತ್ತು. ಆದರೆ ಶೀತಲ್ ತಾನೇ ಒಂದು ಹೆಜ್ಜೆ ಮುಂದೆ ಬಂದಳು. "ನಾನ್ರಿ. ದಿನಾ ಮುಟ್ಟೀನಿ. ಟೈಪ್ ಕಲಿಯಾಕತ್ತೀನಿ."

ಮಾಂತುವಿನ ಮುಖ ಕೆಂಪಾಯಿತು. ಅವನು ಮಾತೆತ್ತುವ ಮೊದಲೇ ಭೀಮವ್ವ ಕೈ ಎತ್ತಿದಳು. "ದೊಡ್ಡಾಕಿ ಮಾಡ್ತಾಳಂದ್ರ ಸಣ್ಣಾಕೀನೂ ಮಾಡ್ಲಿ. ಅದರಾಗೇನದ? ಆದ್ರ ಈ ಬಾಲದ್ದು ಒಂದ ಇಟಕೊಂಡ್ರ ಸಮ ಆಗೂದಿಲ್ಲ. ನಾ ಇರೂತನಕ ಈ ಎರಡು ಮನ್ಯಾಗ ಸಮ ಇರಬೇಕು."

"ಹೌದ್ರಿ ಅತ್ತಿ, ಸಮ ಇರಬೇಕು," ಎಂದಳು ಮಾಧುರಿ. ಫೋನು ಎತ್ತಿ ಮೇಡಂ ನಂಬರು ಒತ್ತಿದಳು. ಆ ಆಫೀಸು ಸಂಜೆಯೂ ತೆರೆದಿರುತ್ತಿತ್ತು. ರಿಂಗಾಗುತ್ತಿದ್ದಂತೆ ಫೋನನ್ನು ಗಂಡನ ಕೈಗೆ ತುರುಕಿದಳು. "ನನಗ ಸಿಕ್ಕಿದ್ದು ಇವರಿಗೂ ಸಿಗ್ಲಿ. ತಪ್ಪು ಯಾರದಂತ ಹೇಳ್ರಿ. ಆಕಿ ಬೈದ್ರ ಬೈಸಗೋರ್ರಿ, ನಕ್ರ ನಗಸಗೋರ್ರಿ. ನಾನೂ ಅದ ಮಾಡೀನಿ."

ಶಿವಪ್ರಕಾಶ ತಾಯಿಯ ಮುಖ ನೋಡಿದ. ಈ ಗಳಿಗೆಯಲ್ಲೂ ಅಪ್ಪಣೆ ಕೇಳುತ್ತಿದ್ದಾನೆ ಎಂದು ಮಾಧುರಿಗೆ ಹೇಸಿಗೆಯಾಯಿತು. ಭೀಮವ್ವ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ವೈರನ್ನು ಮೇಜಿನ ಮೇಲೆ ಇಟ್ಟಳು.

"ಹೇಳೋ," ಎಂದಳು. "ಸಮ ಆಗ್ಲಿ."

ಆ ಕಡೆ ಯಾರೋ ಫೋನು ಎತ್ತಿದರು. ಶಿವಪ್ರಕಾಶ ಮುರುಕು ಇಂಗ್ಲಿಷಿನಲ್ಲಿ, ಆಮೇಲೆ ಮರಾಠಿಯಲ್ಲಿ, ತಪ್ಪು ಹೆಂಡತಿಯದಲ್ಲ ತನ್ನದು, ತನಗೆ ಮೊದಲೇ ಗೊತ್ತಿತ್ತು ಎಂದ. ಮೇಡಂ ಬಹಳ ಹೊತ್ತು ಮಾತಾಡಿದರು. ಅವನು ಹೂಂ, ಹೂಂ ಎನ್ನುತ್ತ ಗೋಡೆ ನೋಡುತ್ತಿದ್ದ, ಕಿವಿ ಕೆಂಪಾಗಿದ್ದವು. ಕೊನೆಗೆ ಫೋನು ಇಟ್ಟು, "ಇನ್ನೊಂದು ವಾರ ನೋಡ್ತಾರಂತ. ಇವತ್ತಿಂದು ತಿದ್ದಿ ಕಳಸಬೇಕಂತ," ಎಂದ.

ಮಾಧುರಿ ಹಳೆಯ ಕೀಬೋರ್ಡು ಕಿತ್ತು ವೈರಿನದನ್ನು ಸಿಕ್ಕಿಸಿ, ಡಬ್ಬಿಯ ಹೆಸರು ಬದಲಿಸಿ, ಮೇಜಿನ ಮುಂದೆ ಕುಳಿತು ವರದಿ ತೆರೆದಳು. ಗೋಡೆಯಾಚೆ ಶೀತಲ್ ಈಗ ಬಾಗಿಲು ತೆರೆದಿಟ್ಟೇ ಹೊಡೆಯುತ್ತಿದ್ದಳು, ಟಕಟಕ ಸದ್ದು ಇಲ್ಲಿಗೂ ಕೇಳುತ್ತಿತ್ತು. ಪರದೆಯ ಮೇಲೆ ಮಾತ್ರ ಮಾಧುರಿಯ ಅಕ್ಷರಗಳಷ್ಟೇ ಬೀಳುತ್ತಿದ್ದವು. ಒಂದೂ ತಪ್ಪಿರಲಿಲ್ಲ. ಶಿವಪ್ರಕಾಶ ತಾನೇ ಚಹಾ ಮಾಡಿ ತಂದು ಪಕ್ಕದಲ್ಲಿ ಇಟ್ಟ. ಅವಳು ಅದನ್ನು ಮುಟ್ಟಲಿಲ್ಲ.