ಅಂತೆಯೂ ಅಲ್ಲ, ಕಂತೆಯೂ ಅಲ್ಲ

ಪತ್ರಿಕಾಗೋಷ್ಠಿಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರುದಿನ ಮಹಿಳಾ ಫುಟ್‌ಬಾಲ್ ಲೀಗಿನ ಕೊನೆಯ ಪಂದ್ಯ. ಡ್ರಾ ಆದರೂ ಕಪ್ ಗೋಷ್ಠಿ ಕರೆದ ತಂಡದ್ದೇ. ಕೋಚ್ ಹೊರದೇಶದ ಹೆಂಗಸು. ಅವರ ಇಂಗ್ಲಿಷನ್ನು ಕನ್ನಡಕ್ಕೆ ತರಬೇಕಾದ ಹುಡುಗಿಗೆ ಇದು ಮೊದಲ ದೊಡ್ಡ ಕೆಲಸ. ಸಾಲದ್ದಕ್ಕೆ ತಂಡದ ಗೋಲ್‌ಕೀಪರ್ ಅವಳ ಒಡಹುಟ್ಟಿದ ಅಕ್ಕ, ಪಕ್ಕದಲ್ಲೇ ಕೂತಿದ್ದಳು.

"ಡ್ರಾಗೋಸ್ಕರ ಆಡ್ತೀರಾ?" ಒಬ್ಬ ವರದಿಗಾರ ಕೇಳಿದ.

ಕೋಚ್ ತಮ್ಮದು 'ಅವೌಡ್ಲಿ' (avowedly) ದಾಳಿಯ ತಂಡ, ಗೆಲ್ಲುವುದಕ್ಕೇ ಆಡುತ್ತೇವೆ ಎಂದರು. ಆ ಪದ ಕಿವಿಗೆ ಬಿದ್ದದ್ದೇ ಹುಡುಗಿ ತಡಬಡಾಯಿಸಿದಳು. ಪೇಪರಿನಲ್ಲಿ ದಿನಾ ಕಾಣುವ 'ಅಲೆಜೆಡ್ಲಿ'ಯೇ ಇರಬೇಕೆಂದುಕೊಂಡು ಹೇಳಿಬಿಟ್ಟಳು: "ಇವರದು ದಾಳಿ ಮಾಡೋ ತಂಡವಂತೆ. ಗೆಲ್ಲೋಕೇ ಆಡ್ತಾರಂತೆ."

"ಓಹೋ, ಬರೀ ಅಂತೆ-ಕಂತೆ!" ಅಂದ ಅದೇ ವರದಿಗಾರ. ಕೋಣೆಯೆಲ್ಲ ಘೊಳ್ಳೆಂದು ನಕ್ಕಿತು. ಕೋಚ್ ಮಿಕಿಮಿಕಿ ನೋಡಿದರು.

ಅಕ್ಕ ಮೇಜಿನಡಿ ಚಿವುಟಿದಳು. "ಅಂತೆ ಅಂದ್ಯಲ್ಲೇ! ಅವರೇ ಬಾಯಿಬಿಟ್ಟು ಹೇಳಿದ್ದನ್ನ ಗಾಳಿಮಾತು ಮಾಡಿಬಿಟ್ಟೆ!"

ಆಗ ಹೊಳೆಯಿತು. ಅಲೆಜೆಡ್ಲಿ ಅಂದರೆ ಯಾರೋ ಹೊರಿಸಿದ ಮಾತು, ನಿಜವೋ ಸುಳ್ಳೋ ಗೊತ್ತಿಲ್ಲ. ಅವೌಡ್ಲಿ ಅಂದರೆ ತನ್ನ ಬಗ್ಗೆ ತಾನೇ ಮುಚ್ಚುಮರೆಯಿಲ್ಲದೆ ಸಾರಿಕೊಂಡದ್ದು. ಹುಡುಗಿ ಮೈಕನ್ನು ಹತ್ತಿರ ಎಳೆದುಕೊಂಡಳು.

"ತಪ್ಪು ನಂದು, ಅಂತೆ ವಾಪಸ್ ತಗೊಂಡೆ! ಕೋಚ್ ಎದೆ ತಟ್ಟಿ ಹೇಳ್ತಿದಾರೆ: ನಾವು ದಾಳಿ ಮಾಡೋರೇ. ಡ್ರಾ ನಮಗೆ ಬೇಡ!"

ಕ್ಯಾಮೆರಾಗಳು ಪಟಪಟ ಮಿಂಚಿದವು. "ಇಷ್ಟು ಜೋರಾಗಿ ಹೇಳು ಅಂತ ನಾನಂದ್ನಾ?" ಅಕ್ಕ ಹಣೆ ಚಚ್ಚಿಕೊಂಡಳು.

ಮರುದಿನ ಆಟ ಮುಗಿಯುತ್ತ ಬಂದರೂ ಗೋಲಿಲ್ಲ. ಹಾಗೇ ಗೋಲು ಕಾಯ್ದುಕೊಂಡಿದ್ದರೂ ಕಪ್ ಕೈಯಲ್ಲಿತ್ತು. ಕೊನೆಯ ಕಾರ್ನರ್ ಕಿಕ್ ಸಿಕ್ಕಿದ್ದೇ ತಡ, ಗೆಲ್ಲುವುದಕ್ಕೇ ಆಡುತ್ತೇವೆಂದಿದ್ದ ಕೋಚ್ ಗೋಲ್‌ಕೀಪರನ್ನೂ ಮುಂದೆ ಹೋಗೆಂದು ಕೈಬೀಸಿದರು. ಅಕ್ಕ ಗೋಲನ್ನು ಬಟಾಬಯಲು ಬಿಟ್ಟು ಓಡಿದಳು! ವರದಿಗಾರರ ಸಾಲಿನಲ್ಲಿದ್ದ ತಂಗಿ ಕುರ್ಚಿಯ ಅಂಚಿಗೆ ಸರಿದಳು.

ಚೆಂಡು ತೇಲಿ ಬಂತು. ಎದುರಾಳಿಯ ತಲೆಗೆ ತಾಗಿ ಹೊರಚಿಮ್ಮಿತು. ಸತ್ತೆವು ಅಂದುಕೊಳ್ಳುವಷ್ಟರಲ್ಲಿ ಅದು ಅಕ್ಕನ ಕಾಲಬುಡಕ್ಕೇ ಬಿತ್ತು. ಅಕ್ಕ ಹಿಂದೆಮುಂದೆ ನೋಡದೆ ಒದ್ದಳು. ಬಲೆ ನಡುಗಿತು.

ತಂಗಿ ಕುರ್ಚಿಯ ಮೇಲೆ ಹತ್ತಿ ಕಿರುಚಿದಳು. ಪಕ್ಕದಲ್ಲಿದ್ದವನು ನಿನ್ನೆ ಅಂತೆ-ಕಂತೆ ಅಂದಿದ್ದ ವರದಿಗಾರನೇ; ಅವನೂ ಹತ್ತಿದ. ಅಕ್ಕ ಬೇಲಿಯತ್ತ ಓಡಿಬಂದು ಏದುಸಿರು ಬಿಡುತ್ತ ತಂಗಿಯ ಕೆನ್ನೆ ಹಿಂಡಿದಳು.

"ನಿನ್ನ ಬಾಯಿಗಿಷ್ಟು ಸಕ್ಕರೆ ಹಾಕ! ಇನ್ನೊಂದ್ಸಲ ಡ್ರಾ ಬೇಡ ಅಂತ ಸಾರಿ ನಮ್ಮನ್ನ ಹೀಗೆ ಸಿಕ್ಕಿಸಿದ್ರೆ ನೋಡು ಮತ್ತೆ!"